ಅಳಿವೆಯನ್ನು ಗೇಮಿಗೆ ಹಾಕಿದವನು

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಾವಿಬ್ಬರೇ ಇದ್ದ ದೋಣಿಯ ಎಂಜಿನ್ ನಿಂತಿತು. ಕಾರವಾರದ ಕೋಡಿಬಾಗದಲ್ಲಿ ನನ್ನ ನೆರೆಮನೆಯವನಾಗಿದ್ದ ಅವನು ಆಗ ಮೊಬೈಲ್ ಎತ್ತಿ ನೀರಿನ ವಿಡಿಯೊ ತೆಗೆಯುತ್ತಿದ್ದ. ಆಡುವವರೇ ಹೊಸ ಊರುಗಳನ್ನು ಸೇರಿಸಬಹುದಾದ ಒಂದು ದೋಣಿ ಗೇಮಿಗೆ ಅವನು ನಮ್ಮ ಕಾಳಿ ನದಿಯ ನಕ್ಷೆ ಕಟ್ಟುತ್ತಿದ್ದ. "ನೋಡ್ದೇ ಹಾಕೂದಿಲ್ಲ ಮಾರಾಯ" ಎನ್ನುತ್ತ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಗುಡ್ಡ ಅಳೆಯುತ್ತಿದ್ದ.

ಇಳಿತದ ನೀರು ನಮ್ಮನ್ನು ನದಿ ಸಮುದ್ರ ಸೇರುವ ಅಳಿವೆಯತ್ತ, ಅಲೆಗಳು ಒಡೆಯುವ ಕಡೆಗೇ ಎಳೆಯತೊಡಗಿತು. ನಾನು ಕಿರುಚಿದೆ. ಅವನ ಮುಖ ಅರಳಿತು.

"ಸೆಳೆತ ಎಡಕ್ಕೆ ತಿರುಗ್ತದೆ ನೋಡು! ನಾ ಗೇಮಲ್ಲಿ ಬಲಕ್ಕೆ ಹಾಕಿದ್ದೆ."

ಮೀನು ಹಿಡಿದು ಮರಳುತ್ತಿದ್ದ ಮುದುಕರೊಬ್ಬರು ತಮ್ಮ ದೋಣಿಯಿಂದ ಹಗ್ಗ ಎಸೆದರು. "ಹಗ್ಗ ಹಿಡಿಯೋ ಮಳ್ಳಾ, ಮೊಬೈಲ್ ಅಲ್ಲ!"

ಹಗ್ಗ ಹಿಡಿದ ಕೂಡಲೇ ಇವನು ಕೇಳಿದ: "ಅಜ್ಜಾ, ಇಲ್ಲಿ ಆಳ ಎಷ್ಟು?"

"ನಿಂಗೆ ಸಾಕಾಗ್ತದೆ!"

ಆಮೇಲೆ ದಿನಾ ರಾತ್ರಿ ನಾನು ಕಣ್ಣು ಮುಚ್ಚಿದರೆ ಸಾಕು, ಮಂಚವೇ ಸಮುದ್ರಕ್ಕೆ ಜಾರುತ್ತಿತ್ತು. ನಕ್ಷೆ ಮುಗಿದಾಗ ಅವನು ನನ್ನನ್ನೇ ಮೊದಲು ಆಡಲು ಕೂರಿಸಿದ. ಅದೇ ಜಾಗದಲ್ಲಿ ಮತ್ತೆ ಮತ್ತೆ ಮುಳುಗಿದೆ. ಅವನು ಹಿಂದೆ ನಿಂತು, "ಬರೋಬ್ಬರಿ!" ಎಂದು ಖುಷಿಪಟ್ಟ.

ಒಂದು ಭಾನುವಾರ ಸಂಜೆ ನಾನು ಹೇಗೋ ದೋಣಿಯನ್ನು ದಡ ಮುಟ್ಟಿಸಿದೆ. "ಇಷ್ಟು ಸಸಾರಕ್ಕೆ ದಾಟೂಕೆ ಬರ್ಬಾರ್ದು" ಎಂದು ಅವನು ಸೆಳೆತ ಹೆಚ್ಚಿಸಲು ಕುಳಿತ. ನಾನು ಮನೆಗೆ ಹೋಗಿ ಮಲಗಿದೆ. ಬೆಳಗಾಗುವವರೆಗೂ ಎಚ್ಚರವಾಗಲಿಲ್ಲ.