ಚುಂಚನಕಟ್ಟೆ ಬಂಡೆಯ ಮೇಲೆ ಸಿಕ್ಕಿಬಿದ್ದ ಮುಖ್ತಾರ್ ಚಾಚಾ

ಏಯ್ ಪುಟ್ಟೀ, ಏಯ್ ಸೊಹೈಲಾ, ಟೀ ಅಂಗ್ಡಿ ಮುಂದೆ ನಿಂತಿರೋರೆಲ್ಲ ಒಸಿ ಇತ್ತಾಗಿ ಬನ್ರಪ್ಪೋ! ನಮ್ ಮುಖ್ತಾರ್ ಚಾಚಾ ಹೊಳೆ ನೋಡಕ್ಕೆ ಓಗಿದ್ ಕತೆ ಐತೆ, ಕೇಳ್ಕೊಂಡ್ ಓಗಿ.

ಮುಖ್ತಾರ್ ಚಾಚಾ ಗೊತ್ತಲ್ಲ, ಹುಣಸೂರಿನ ಕಂಠಪ್ಪನವರ ಸಾಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವರು. ಮೀಸೆ ಮೂಡುವ ಮೊದಲೇ ಸೇರಿದವರ ಗಡ್ಡ ಈಗ ಬೆಳ್ಳಗಾಗಿದೆ. ಅದು ನರೆಯೋ ಮರದ ಪುಡಿಯೋ, ಹತ್ತಿರ ಹೋಗದೆ ಹೇಳುವ ಹಾಗಿಲ್ಲ. ಕೊಡಗಿನಿಂದ ಬರುವ ಸಿಲ್ವರ್ ಓಕ್ ದಿಮ್ಮಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಗರಗಸಕ್ಕೆ ತಳ್ಳುವುದೇ ಕೆಲಸ. ಆ ಸದ್ದಿನಲ್ಲಿ ಯಾರ ದನಿಯೂ ಕೇಳುವುದಿಲ್ಲ. ಮಿಲ್ಲಿನವರೆಲ್ಲ ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಮಾತು ಹಿಡಿಯುತ್ತಾರೆ. ಬೈಗುಳವೂ ಹಾಗೆಯೇ.

ಈಚೆಗೆ ಚಾಚಾ ಕಿವಿ ಮಂದವಾಗಿತ್ತು. ಗರಗಸದ ಹತ್ತಿರ ಇನ್ನೂ ನಿಂತರೆ ಉಳಿದಿರುವುದೂ ಹೋಗುತ್ತದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಚಾಚಾ ಅದನ್ನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಆಮಿನಾಬಿ ಚಾಚಿ ಮಾರನೆಯ ದಿನವೇ ಆ ಕೆಲಸ ಬಿಡಿಸುತ್ತಾರೆ. ಬೇರೆ ಕೆಲಸ ಗೊತ್ತಿಲ್ಲ, ಮಗಳು ಜಿಕ್ರಾಳ ಓದು ಇನ್ನೂ ಮುಗಿದಿಲ್ಲ.

ಚಾಚಿಯದು ಬೇರೆಯೇ ಸಂಕಟ. ಅವರು ಮನೆಯಲ್ಲಿ ಸಮೋಸಾ ಪಟ್ಟಿ ಮಾಡಿ ಬೇಕರಿಗಳಿಗೆ ಕೊಡುತ್ತಾರೆ. ಸಂಜೆಯೆಲ್ಲ ಗೋಡೆಗೆ ಮುಖ ಮಾಡಿ ಒಲೆಯ ಮುಂದೆ ಕೂತು, ಕಾದ ತವಾದಿಂದ ತೆಳ್ಳನೆಯ ಹಿಟ್ಟಿನ ಹಾಳೆಗಳನ್ನು ಬರಿಗೈಲಿ ಎತ್ತುತ್ತ ಗಂಡನ ಜೊತೆ ಮಾತಾಡುತ್ತಾರೆ. ಹಿಂದಿನಿಂದ ಉತ್ತರವೇ ಇಲ್ಲ. ದಣಿದು ಬಂದಿದ್ದಾರೆ ಎಂದು ಮೊದಮೊದಲು ಸುಮ್ಮನಿದ್ದರು. ಆಮೇಲಾಮೇಲೆ ತಾನೇ ಬೇಡವಾದೆನೇನೋ ಅನ್ನಿಸತೊಡಗಿತು.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದು ಆ ಭಾನುವಾರ. ಜಿಕ್ರಾ ಇಬ್ಬರನ್ನೂ ಹೊರಡಿಸಿ ಬಸ್ ಹತ್ತಿಸಿದಳು. ಟಿಕೆಟ್ ಕೇಳುತ್ತ ಕಂಡಕ್ಟರ್ ಬರುವಷ್ಟರಲ್ಲಿ ಚಾಚಾ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು.

"ನಂದು ಫ್ರೀ, ಇವ್ರುದ್ ಮಾತ್ರ ಕೊಡಿ," ಎಂದರು ಚಾಚಿ. "ಗಂಡ್ಸಾಗಿ ಉಟ್ಟಿದ್ದಕ್ಕೆ ದಂಡ ಕಟ್ಲಿ."

ಕೆ.ಆರ್. ನಗರದಲ್ಲಿ ಬಸ್ ಬದಲಿಸಿ ಚುಂಚನಕಟ್ಟೆಗೆ ಬಂದರೆ, ಮಳೆಯ ನೀರು ಕುಡಿದು ಕಾವೇರಿ ಕೆಂಪಾಗಿದ್ದಳು. ಬಂಡೆಗಳ ಸಂದಿಗೆ ಧುಮುಕುವ ರಭಸಕ್ಕೆ ಕಾಲಡಿಯ ಕಲ್ಲು ಅದುರುತ್ತಿತ್ತು. ಬಂದವರೆಲ್ಲ ಪಕ್ಕದಲ್ಲಿದ್ದವರ ಕಿವಿಗೇ ಬಾಯಿಟ್ಟು ಕಿರುಚುತ್ತಿದ್ದರು. ಇವರಿಬ್ಬರು ಹೊಳೆಯ ಬದಿಯಲ್ಲಿ ನಿಧಾನಕ್ಕೆ ಸ್ವಲ್ಪ ದೂರ ನಡೆದರು. ಚಾಚಿಯ ಕಾಲು ಊದಿಕೊಂಡಿತು. ಒಂದು ಬಂಡೆಯ ಮೇಲೆ ಕುಸಿದು ತಮ್ಮಷ್ಟಕ್ಕೇ ಗೊಣಗಿದರು.

"ಇಷ್ಟ್ ದೂರ ಬರ್ಬೇಕಿತ್ತಾ? ಮನೇಲಿ ಕಾಲ್ ಚಾಚ್ಕೊಂಡ್ ಮಲ್ಗಿದ್ರೆ ಆಯ್ತಿತ್ತು."

"ನಾನೂ ಅದ್ನೇ ಏಳ್ದೆ, ನಿನ್ ಮಗ್ಳು ಬುಡ್ಬೇಕಲ್ಲ," ಎಂದು ಎದುರು ನಿಂತಿದ್ದ ಚಾಚಾ ಕೂಗಿದರು.

ಚಾಚಿ ತಲೆಯೆತ್ತಿ ನೋಡಿದರು. "ಚಪ್ಲಿ ಬೇರೆ ಕಚ್ತಾ ಐತೆ."

"ಬಿಚ್ಚು, ನಾನ್ ಇಡ್ಕೋತೀನಿ."

ಮನೆಯಲ್ಲಿ ತಿಂಗಳಾದರೂ ಇಷ್ಟು ಉತ್ತರ ಸಿಕ್ಕಿದ್ದಿಲ್ಲ. ಚಾಚಿಗೆ ಮೊದಲು ಖುಷಿಯಾಯಿತು, ಆಮೇಲೆ ಅನುಮಾನ ಬಂತು. ತನ್ನ ಮಾತು ತನಗೇ ಕೇಳದ ಜಾಗದಲ್ಲಿ ಇವರಿಗೆ ಹೇಗೆ ಕೇಳುತ್ತಿದೆ? ಅವರು ದನಿಯನ್ನೇ ತೆಗೆಯದೆ ಬರೀ ತುಟಿ ಆಡಿಸಿ ಕೇಳಿದರು: "ನಿಮ್ಗೆ ಕಿವಿ ಕೇಳ್ಸುತ್ತಾ?"

"ಕೇಳ್ದೆ ಏನು? ಚೆನ್ನಾಗ್ ಕೇಳ್ಸುತ್ತೆ!" ಎಂದುಬಿಟ್ಟರು ಚಾಚಾ.

ಚಾಚಿ ಅವರ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ನಾನ್ ಈಗ ದನೀನೇ ತೆಗ್ದಿಲ್ಲ ಕಣ್ರೀ."

ಚಾಚಾ ನೆಲ ನೋಡಿದರು. ಚಾಚಿ ಗಡ್ಡ ಹಿಡಿದು ಮುಖ ಎತ್ತಿದರು. "ಇಲ್ಲಿ ನೋಡಿ. ಎಷ್ಟ್ ದಿನ ಆಯ್ತು?"

ಡಾಕ್ಟರು ಹೇಳಿದ್ದನ್ನೆಲ್ಲ ಚಾಚಾ ಹೇಳಿದರು. ಕೇಳಿ ಚಾಚಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. "ನಾನೇ ಬೇಡ ಆಗಿದೀನಿ ಅನ್ಕೊಂಡಿದ್ದೆ. ಕಿವಿ ಓಗೈತೆ ಅಂತ ಏಳಿದ್ರೆ ಇಷ್ಟ್ ಅಳ್ತಿರ್ಲಿಲ್ಲ."

"ನೀನ್ ಗೋಡೆ ಜೊತೆ ಮಾತಾಡ್ತಿದ್ದೆ ಕಣೇ. ನಾನೆಂಗ್ ನೋಡ್ಲಿ?"

"ನಾಳೆ ನಾನೂ ಮಿಲ್ಲಿಗೆ ಬತ್ತೀನಿ. ಕಂಠಪ್ಪನೋರು ಮರ ಅಳೆಯೋ ಕೆಲ್ಸ ಕೊಡ್ಲಿ, ಈಚೆ ಏನಾರ ಕೊಡ್ಲಿ. ಗರಗಸದ ಮುಂದೆ ಇನ್ ನಿಲ್ಲಂಗಿಲ್ಲ."

"ಸಂಬ್ಳ ಕಮ್ಮಿ ಆಯ್ತದೆ."

"ಆಗ್ಲಿ. ನನ್ ಮಾತ್ ಕೇಳಕ್ಕೆ ಇನ್ಯಾರವ್ರೆ?"

ವಾದ ಮಾಡಲು ಚಾಚಾಗೂ ತ್ರಾಣವಿರಲಿಲ್ಲ. ಹೆಂಡತಿಯ ಚಪ್ಪಲಿ ಕೈಲಿ ಹಿಡಿದು ಬಸ್ ಸ್ಟಾಪಿಗೆ ಬಂದರು. ವಾಪಸ್ ಬರುವಾಗ ಇಬ್ಬರೂ ಒಬ್ಬರಿಗೊಬ್ಬರು ಒರಗಿ ನಿದ್ದೆ ಮಾಡಿದರು. ಹುಣಸೂರು ಬಂತೆಂದು ಕಂಡಕ್ಟರೇ ಎಬ್ಬಿಸಬೇಕಾಯಿತು.

"ಹೊಳೆ ಎಂಗಿತ್ತಮ್ಮೀ?" ಎಂದು ಜಿಕ್ರಾ ಕೇಳಿದಳು.

"ಬೋ ಗಲಾಟೆ," ಎಂದರು ಚಾಚಿ.

ಬೇಕರಿಯವರಿಗೆ ಇವರ ಮದುವೆ ದಿನ ಗೊತ್ತಿಲ್ಲವಲ್ಲ, ಪಟ್ಟಿ ಮಾಡಲೇಬೇಕಿತ್ತು. ಚಾಚಿ ಮುಖಕ್ಕೆ ನೀರು ಹಾಕಿಕೊಂಡು ಹಿಟ್ಟು ಕಲಸತೊಡಗಿದರು. ಚಾಚಾ ಗೋಡೆಯ ಪಕ್ಕದಿಂದ ಒಲೆಯನ್ನು, ಗ್ಯಾಸಿನ ಪೈಪು ಎಟಕುವಷ್ಟು ಈಚೆಗೆ ಎಳೆದು, ಚಾಚಿಯ ಮುಖ ತಾವು ಕೂರುವ ಚಾಪೆಯ ಕಡೆಗೆ ಬರುವ ಹಾಗೆ ತಿರುಗಿಸಿಟ್ಟರು.