ಸರೋಜಾ ಹೆಸರಿನ ಜಾಗ

ರಾಬರ್ಟ್‌ಸನ್‌ಪೇಟೆಯ ನಮ್ಮ ಶಾಲೆಯಲ್ಲಿ ಶಿಕ್ಷಕರೆಲ್ಲ ಫೈಲು ಇಡುವ ಸ್ವಂತ ಕ್ಲೌಡ್‌ಗೆ ಬ್ಲಾಕ್ ಸ್ಟೋರೇಜ್ ಸರ್ವರ್ ಜೋಡಿಸಲು ಪಕ್ಕದ ಕೋರಮಂಡಲ್‌ನಿಂದ ಕಂಪ್ಯೂಟರ್ ಕೆಲಸದ ಸ್ಟೆಲ್ಲಾ ಬಂದಿದ್ದಳು. ಸರ್ವರಿನ ಜಾಗವನ್ನು ಹೋಳು ಮಾಡಿ, ಒಂದೊಂದನ್ನೂ ಬೇರೆ ಡಿಸ್ಕಿನಂತೆ ಬಳಸುವ ಏರ್ಪಾಡು ಅದು. ಪರೀಕ್ಷೆಗೆಂದು ಮಾಡಿದ ಮೊದಲ ಹೋಳಿಗೆ ಅವಳು ಹೆಸರು ಕೇಳಿದಾಗ, ತೀರಿಕೊಂಡ ನನ್ನ ಹೆಂಡತಿಯ ಹೆಸರು ಬಾಯಿಗೆ ಬಂತು.

ಕೆಲಸ ಮುಗಿಸಿ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೂಗಿದಳು: "ಸಾರ್, ಸರೋಜಾನ ಅಳಿಸ್ಬಿಡ್ಲಾ?"

"ಮುಟ್ಟಬೇಡ!" ಎಂದು ಕಿರುಚಿಬಿಟ್ಟೆ. ಎಲ್ಲರೂ ತಲೆಯೆತ್ತಿದರು.

"ಅಯ್ಯೋ, ಒಳಗೆ ಏನೂ ಇಲ್ಲ ಸಾರ್, ಖಾಲಿ ಐತೆ."

"ಇರ್ಲಿ ಬಿಡಮ್ಮ," ಎಂದರು ಗಣಿತದ ಮೇಡಂ, ಮೆಲ್ಲಗೆ. ನಾನು ತಲೆ ತಗ್ಗಿಸಿ, ತಿದ್ದಿದ್ದ ಉತ್ತರವನ್ನೇ ಮತ್ತೆ ತಿದ್ದಿದೆ.

ಆ ಹೋಳು ಈಗಲೂ ಖಾಲಿಯೇ. ಜಾಗ ಸಾಲದು, ಬೇಡದ ಫೈಲು ಅಳಿಸಿ ಎಂದು ಉಳಿದ ಶಿಕ್ಷಕರಿಗೆ ನೆನಪಿಸುವವನೂ ನಾನೇ.