ಬಾಗಿಲವಾಡದ ಮೇಲಿನ ಬರಹ

ಕಲ್ಯಾಣದುರ್ಗದಿಂದ ವರ್ಗವಾಗಿ ಹಿಂದೂಪುರದ ಕಾಲೇಜಿಗೆ ಬಂದು ಎರಡು ವರ್ಷವಾಗಿತ್ತು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ ಕಾಲ. ಫೋನಿನಲ್ಲಿ ಫೋಟೊ ತೆಗೆಯಬಹುದೆಂದು ನಮಗಿನ್ನೂ ಗೊತ್ತಿರಲಿಲ್ಲ. ಊರಿನ ಹಳೆಯ ಮನೆ, ಹೋಟೆಲುಗಳ ಬಗ್ಗೆ ಕಾಲೇಜಿನಿಂದ ಪುಸ್ತಿಕೆ ಹೊರತರಬೇಕೆಂದು ಪ್ರಿನ್ಸಿಪಾಲರಿಗೆ ಹೊಳೆಯಿತು. ಇತಿಹಾಸದ ಮೇಷ್ಟ್ರು ನಾನೇ, ಹಾಗಾಗಿ ಕೆಲಸ ನನ್ನ ತಲೆಗೆ ಬಿತ್ತು.

ನಾನು ದಿನಾ ಇಡ್ಲಿ ತಿನ್ನುತ್ತಿದ್ದ ಹೋಟೆಲು ಅಂಥದ್ದೇ ಹಳೆಯ ಮನೆಯೊಂದರ ಮುಂಭಾಗದಲ್ಲಿತ್ತು. ನಡೆಸುತ್ತಿದ್ದವರು ಅರವತ್ತು ದಾಟಿದ ಯಜಮಾನರು. ಒಳಗೆ ಚಟ್ನಿ ರುಬ್ಬುತ್ತಿದ್ದವರು ಅವರ ಅಕ್ಕ. ಮನೆಗೆಷ್ಟು ವಯಸ್ಸೆಂದು ಯಜಮಾನರನ್ನು ಕೇಳಿದೆ.

“ನಮ್ ತಾತ ಕಟ್ಸಿದ್ದು ಸಾ.”

“ತಾತ ಈ ಮನೇನ ಕಣ್ಣಲ್ಲೂ ಕಂಡಿಲ್ಲ ಕಣ್ಲಾ,” ಎಂದರು ಅಕ್ಕ ಒಳಗಿನಿಂದ. “ಇದು ಅವ್ವನ ಕಡೇದು.”

ಒಂದು ವಾರ ಇಬ್ಬರೂ ಇದೇ ಜಗಳವಾಡಿದರು. ಒಂದು ಬೆಳಿಗ್ಗೆ ಕೈ ತೊಳೆದು ಬರುವಾಗ, ನಡುಮನೆಯ ಬಾಗಿಲವಾಡದ ಮೇಲೆ, ಹೊಗೆಯ ಮಸಿ, ಅರಿಸಿನಗಳ ಕೆಳಗೆ, ಕೆತ್ತಿದ ಅಕ್ಷರಗಳು ಕಂಡವು. ನಾಲ್ಕು ಸಾಲು. ಬೆಂಚು ಹತ್ತಿ ಉಜ್ಜಿದೆ. ಸಂವತ್ಸರ ಎಂಬುದೊಂದೇ ಓದಲು ಸಿಕ್ಕಿತು. ಆಗಲೇ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ್ದರೆ ನಕಲು ಸಿಗುತ್ತಿತ್ತು. ಕ್ಲಾಸಿಗೆ ತಡವಾಗಿತ್ತು.

“ಸೋಮವಾರ ಫೋಟೊ ಸ್ಟುಡಿಯೋದವರನ್ನು ಕರೆತರುತ್ತೇನೆ, ಇದನ್ನು ಹುಷಾರಾಗಿ ನೋಡಿಕೊಳ್ಳಿ,” ಎಂದು ಯಜಮಾನರಿಗೆ ಹೇಳಿ ಓಡಿದೆ.

ಸೋಮವಾರ ಹೋದರೆ ಬಾಗಿಲವಾಡ ಗಿಳಿಹಸಿರು ಪೇಂಟಿನಲ್ಲಿ ಹೊಳೆಯುತ್ತಿತ್ತು. ಕೈಯಿಟ್ಟು ಸವರಿದೆ. ನುಣ್ಣಗಿತ್ತು.

“ಅಕ್ಷರ ಎಲ್ಲಿ?”

“ಗಲೀಜಾಗಿತ್ತಲ್ಲ ಸಾ. ಫೋಟೋ ತೆಗೀತೀರ ಅಂದ್ರಿ. ಬಡಗಿನ ಕರ್ಸಿ ಉಜ್ಜೋ ಮಿಷನ್ ಹೊಡಿಸ್ಬುಟ್ಟೆ. ಸೂಪರ್‌ಗಾ ಉಂದಿ ಕದಾ?” ಚೆನ್ನಾಗಿದೆಯಲ್ಲವೇ ಎಂದು ತೆಲುಗಿನಲ್ಲಿ ಸೇರಿಸಿದರು.

ಬಾಯಿಗೆ ಬಂದಂತೆ ಬೈದೆ. ತಿನ್ನುತ್ತಿದ್ದವರೆಲ್ಲ ತಟ್ಟೆಯಿಂದ ತಲೆಯೆತ್ತಿ ನೋಡಿದರು. ಯಜಮಾನರ ಮುಖ ಸಪ್ಪಗಾಯಿತು. ನಾಲ್ಕು ದಿನ ಆ ಕಡೆ ಸುಳಿಯದೆ, ಬಸ್ ಸ್ಟ್ಯಾಂಡಿನ ಬಳಿ ಕಲ್ಲಿನಂಥ ಇಡ್ಲಿ ತಿಂದು, ಅವರ ಮೇಲೂ ನನ್ನ ಮೇಲೂ ಉರಿದುಕೊಂಡೆ.

ಐದನೆಯ ದಿನ ಅಕ್ಕ ಟಿಫನ್ ಕ್ಯಾರಿಯರ್ ಹಿಡಿದು ಸ್ಟಾಫ್ ರೂಮಿಗೇ ಬಂದರು.

“ನಂಗೆ ಓದಕ್ ಬರಾಕಿಲ್ಲ ಕಣಪ್ಪ. ಆದ್ರೆ ಶುಕ್ರುವಾರ ಶುಕ್ರುವಾರ ಆ ಅಕ್ಸರಕ್ಕೆ ಅರಿಸಿನ ಹಚ್ಚಿವ್ನಿ. ಹೆಂಗಿತ್ತು ಅಂತ ಹೇಳ್ಲಾ?”

ನಾನು ಪೆನ್ನು ಹಿಡಿದು ಕೂತೆ. ಅವರು ಮೇಜಿನ ಮೇಲೆ ಬೆರಳಾಡಿಸಿದರು. ಮೊದಲನೆಯದು ಜಿಲೇಬಿಯ ಹಾಗಂತೆ. ಎರಡನೆಯದಕ್ಕೆ ಬಾಲವಂತೆ. ಮೂರನೆಯದೂ ಜಿಲೇಬಿಯಂತೆ. ಕನ್ನಡ, ತೆಲುಗು ಎರಡರಲ್ಲೂ ಅರ್ಧದಷ್ಟು ಅಕ್ಷರಗಳು ಜಿಲೇಬಿಯೇ! ಒಂದು ಗಂಟೆ ಕೂತರೂ ಒಂದು ಪದವೂ ಹುಟ್ಟಲಿಲ್ಲ. ಹಣೆ ಚಚ್ಚಿಕೊಳ್ಳುವಂತಾಯಿತು. ಆದರೆ ಆ ವಯಸ್ಸಿನಲ್ಲಿ ಬಿಸಿಲಲ್ಲಿ ನಡೆದು ಬಂದವರನ್ನು ಬೈಯುವುದು ಹೇಗೆ? ಇಡ್ಲಿ ತಿಂದೆ.

ಪುಸ್ತಿಕೆಯಲ್ಲಿ ನಡೆದದ್ದನ್ನೇ ಬರೆದೆ: ಬರಹವಿತ್ತು, ಮಾಲೀಕರೇ ಅಳಿಸಿದರು, ನಾನೂ ಸಮಯಕ್ಕೆ ಸರಿಯಾಗಿ ನಕಲು ಮಾಡಿಕೊಳ್ಳಲಿಲ್ಲ. ಓದಿದರೆ ಯಜಮಾನರು ನನ್ನನ್ನು ಒಳಗೆ ಸೇರಿಸುವುದಿಲ್ಲವೆಂದುಕೊಂಡಿದ್ದೆ. ಅವರು ಆ ಪುಟಕ್ಕೆ ಗಾಜು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿ, ಬಂದವರಿಗೆಲ್ಲ ತೋರಿಸತೊಡಗಿದರು.

“ಪೂರ್ತಿ ಓದಿಸಿಕೊಂಡಿರಾ?” ಎಂದೆ.

“ಓದಿಸ್ದೆ ಸಾ. ನನ್ ಬಗ್ಗೇನೇ ಮೂರು ಸಾಲು ಐತೆ,” ಎಂದು ಇನ್ನೊಂದು ವಡೆ ಹಾಕಿಸಿದರು.